ಪಿಸಿಎಲ್ ನ್ಯಾನೋಫೈಬರ್‌ನಿಂದ ವ್ಯಾಂಕೋಮೈಸಿನ್ 6 ಗಂಟೆಯಲ್ಲೇ ಮುಕ್ಕಾಲು ಪಾಲು ಹೊರಬರುತ್ತಿದೆ. 4 ವಾರ ಹಿಡಿದಿಡುವುದು ಹೇಗೆ?

ಎಳೆಗಾರ:

ಎಲ್ಲರಿಗೂ ನಮಸ್ಕಾರ. ಸೋಂಕು ತಗುಲಿದ ಮೂಳೆಯನ್ನು ಕೆರೆದು ತೆಗೆದ ಜಾಗದಲ್ಲಿ ಇಡುವಂಥ, ವ್ಯಾಂಕೋಮೈಸಿನ್ (ಬ್ಯಾಕ್ಟೀರಿಯಾ ಕೊಲ್ಲುವ ಔಷಧ) ತುಂಬಿದ ನ್ಯಾನೋಫೈಬರ್ (ಅತಿ ಸಣ್ಣ ಎಳೆಗಳ) ಹಾಳೆ ಬೇಕಾಗಿದೆ. ಔಷಧ ಕನಿಷ್ಠ 4 ವಾರ ಬರುತ್ತಿರಬೇಕು. ಎಳೆ ತೆಗೆಯುವುದು ಎಲೆಕ್ಟ್ರೋಸ್ಪಿನ್ನಿಂಗ್‌ನಲ್ಲಿ, ಅಂದರೆ ಸೂಜಿಯಲ್ಲಿನ ಪಾಲಿಮರ್ ದ್ರಾವಣಕ್ಕೆ ಹೆಚ್ಚು ವೋಲ್ಟೇಜ್ ಕೊಟ್ಟು ಎಳೆಯಾಗಿ ಎಳೆಯುವುದು. ಈಗಿನ ಹದ ಹೀಗಿದೆ.

ಪಾಲಿಮರ್ ಪಿಸಿಎಲ್ (ಪಾಲಿಕ್ಯಾಪ್ರೋಲ್ಯಾಕ್ಟೋನ್, ದೇಹದಲ್ಲಿ ನಿಧಾನಕ್ಕೆ ಸವೆಯುವ ಪ್ಲಾಸ್ಟಿಕ್), ಅಣುತೂಕ 80,000, ಎಚ್‌ಎಫ್‌ಐಪಿ ಎಂಬ ದ್ರಾವಕದಲ್ಲಿ ಮಿಲಿಗೆ 100 ಮಿ.ಗ್ರಾಂ. ವ್ಯಾಂಕೋಮೈಸಿನ್ ಹೈಡ್ರೋಕ್ಲೋರೈಡ್ ಒಣ ತೂಕದ 10%. ಸೂಜಿ 21 ಗೇಜ್, ಗಂಟೆಗೆ 1 ಮಿಲಿ, 15 ಕಿಲೋವೋಲ್ಟ್, ಎಳೆ ಬಂದು ಬೀಳುವ ಕಲೆಕ್ಟರ್‌ವರೆಗೆ 15 ಸೆಂ.ಮೀ., ಆರ್ದ್ರತೆ 40%. ಎಸ್‌ಇಎಂನಲ್ಲಿ (ಹೊರಮೈ ತೋರಿಸುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಎಳೆಗಳು ನಯವಾಗಿವೆ, ಮಣಿಗಳಿಲ್ಲ, ಸರಾಸರಿ ವ್ಯಾಸ 500 ನ್ಯಾನೋಮೀಟರ್. ದ್ರಾವಣ ಮಾತ್ರ ತುಸು ಮಬ್ಬು.

ಬಿಡುಗಡೆ ಪರೀಕ್ಷೆಗೆ 10 ಮಿ.ಮೀ. ಅಗಲದ ಬಿಲ್ಲೆ, ತೂಕ 5 ಮಿ.ಗ್ರಾಂ, ಅಂದರೆ ಲೆಕ್ಕದ ಪ್ರಕಾರ 500 ಮೈಕ್ರೋಗ್ರಾಂ ಔಷಧ. 5 ಮಿಲಿ ಪಿಬಿಎಸ್ (ದೇಹದ ದ್ರವವನ್ನು ಹೋಲುವ ಉಪ್ಪುನೀರು), ಪಿಎಚ್ 7.4, 37 ಡಿಗ್ರಿ, 60 ಆರ್‌ಪಿಎಂ. ಅಳತೆ 280 ನ್ಯಾನೋಮೀಟರ್‌ನಲ್ಲಿ ಯುವಿ (ಔಷಧ ಹೀರುವ ಅತಿನೇರಳೆ ಬೆಳಕು). 6 ಗಂಟೆಗೆ 75%, 2ನೇ ದಿನಕ್ಕೆ 82%, ಆಮೇಲೆ ಗೆರೆ ಮಲಗಿಬಿಡುತ್ತದೆ.

ಪಾಲಿಮರ್ ಸಾಂದ್ರತೆ ಹೆಚ್ಚಿಸಿ ಎಳೆ ದಪ್ಪ ಮಾಡಿದರೆ ಸಾಕೇ, ಕೋಆಕ್ಸಿಯಲ್‌ಗೆ (ಒಂದರೊಳಗೊಂದು ಸೂಜಿ ಇಟ್ಟು ಔಷಧದ ತಿರುಳಿಗೆ ಪಾಲಿಮರ್ ಕವಚ ಹಾಕುವ ವಿಧಾನ) ಹೋಗಲೇಬೇಕೇ? ಕೊನೆಯ 18% ಎಲ್ಲಿ ಹೋಯಿತು? ಔಷಧ ಯಾವ ಬಗೆಯಲ್ಲಿ ಹೊರಬರುತ್ತದೆ ಎಂದು ಹೇಳುವ ಕೋರ್ಸ್‌ಮೇಯರ್-ಪೆಪ್ಪಾಸ್ ಸಮೀಕರಣಕ್ಕೆ ಕೂರಿಸಿದಾಗ ಘಾತಾಂಕ 0.12 ಬರುತ್ತಿದೆ. ಅದನ್ನು ಏನೆಂದು ಓದಬೇಕು?


ಟೇಲರ್‌ಕೋನ್:

ಎಳೆ ದಪ್ಪ ಮಾಡಿದರೆ ಸಾಕಾಗುವುದಿಲ್ಲ. ಯಾಕೆ ಅನ್ನುವುದನ್ನು ಒಂದು ಸಣ್ಣ ಲೆಕ್ಕದಲ್ಲಿ ನೋಡಿ. ಎಳೆಯೊಳಗಿಂದ ಔಷಧ ಹೊರಬರಲು ಬೇಕಾದ ಸಮಯ ಸುಮಾರಾಗಿ ತ್ರಿಜ್ಯದ ವರ್ಗವನ್ನು ಡಿಫ್ಯೂಷನ್ (ಅಣುಗಳು ತಾವಾಗಿ ಹರಡಿಕೊಳ್ಳುವುದು) ಗುಣಾಂಕದಿಂದ ಭಾಗಿಸಿದಷ್ಟು. ನಿಮ್ಮ ತ್ರಿಜ್ಯ 250 ನ್ಯಾನೋಮೀಟರ್. ಗುಣಾಂಕ ಸೆಕೆಂಡಿಗೆ 10ರ ಘಾತ ಮೈನಸ್ 14 ಚದರ ಸೆಂ.ಮೀ.ನಷ್ಟು ನಿಧಾನವಾಗಿದೆ ಎಂದೇ ಹಿಡಿಯೋಣ. ಆಗಲೂ ಉತ್ತರ 62,500 ಸೆಕೆಂಡು, ಅಂದರೆ ಸುಮಾರು 17 ಗಂಟೆ. ಅದೇ ಪದಾರ್ಥದಲ್ಲಿ 25 ಮೈಕ್ರೋಮೀಟರ್ ತ್ರಿಜ್ಯದ ಗೋಲಿ ಮಾಡಿದರೆ ತ್ರಿಜ್ಯ 100 ಪಟ್ಟು, ಸಮಯ 10,000 ಪಟ್ಟು. ಮೈಕ್ರೋಸ್ಫಿಯರ್‌ನಲ್ಲಿ ತಿಂಗಳುಗಟ್ಟಲೆ ನಿಲ್ಲುವ ಔಷಧ ನ್ಯಾನೋಫೈಬರ್‌ನಲ್ಲಿ ಒಂದು ದಿನವೂ ನಿಲ್ಲದಿರಲು ಇದೇ ಕಾರಣ. ವ್ಯಾಸವನ್ನು 500ರಿಂದ 1,000ಕ್ಕೆ ಏರಿಸಿದರೂ ಸಿಗುವುದು 4 ಪಟ್ಟು ಅಷ್ಟೇ.

ಆದರೆ ನಿಮ್ಮ ಸಮಸ್ಯೆ ಡಿಫ್ಯೂಷನ್ನಿನದೂ ಅಲ್ಲ ಅನ್ನಿಸುತ್ತಿದೆ. ವ್ಯಾಂಕೋಮೈಸಿನ್ 1,449 ಡಾಲ್ಟನ್ ತೂಕದ, ನೀರನ್ನೇ ಬಯಸುವ ಅಣು. ಅದು ಪಿಸಿಎಲ್ ಒಳಗೆ ಕರಗಿ ದಾರಿ ಮಾಡಿಕೊಂಡು ಬರುವುದು ಕಷ್ಟ. 6 ಗಂಟೆಯಲ್ಲಿ 75% ಬಂದಿದೆ ಎಂದರೆ ಅಷ್ಟೂ ಮೊದಲೇ ಎಳೆಯ ಮೇಲ್ಮೈಯಲ್ಲೋ, ಮೇಲ್ಮೈಗೆ ಬಾಯಿ ತೆರೆದ ಸಂದುಗಳಲ್ಲೋ ಕೂತಿತ್ತು. ಅದು ಬರೀ ತೊಳೆದುಹೋಗುತ್ತಿದೆ. ಕೊನೆಯ 18% ಪಿಸಿಎಲ್ ಒಳಗೆ ಸಿಕ್ಕಿಬಿದ್ದಿರುವುದು. ಪಾಲಿಮರ್ ಸವೆಯುವ ತನಕ ಅದು ಬರುವುದಿಲ್ಲ, ಪಿಸಿಎಲ್ ಸವೆಯಲು 2 ವರ್ಷಕ್ಕೂ ಮೇಲೆ ಬೇಕು.

ಮೇಲ್ಮೈಗೆ ಹೇಗೆ ಬಂತು ಅಂದರೆ, ಜೆಟ್ (ಸೂಜಿಯಿಂದ ಚಿಮ್ಮುವ ದ್ರಾವಣದ ಧಾರೆ) ಹಾರುವಾಗ ದ್ರಾವಕ ಹೊರಮುಖವಾಗಿ ಆವಿಯಾಗುತ್ತದೆ, ಪಾಲಿಮರಿನ ಜೊತೆ ಹೊಂದದ ಔಷಧವನ್ನೂ ಜೊತೆಗೆ ಎಳೆದು ತರುತ್ತದೆ. ಅದರ ಮೇಲೆ ನಿಮ್ಮದು ಹೈಡ್ರೋಕ್ಲೋರೈಡ್ ಲವಣ, ವ್ಯಾಂಕೋಮೈಸಿನ್ ಪಾಸಿಟಿವ್ ಅಯಾನು. ಸೂಜಿಗೆ ಪಾಸಿಟಿವ್ ವೋಲ್ಟೇಜ್ ಕೊಟ್ಟಾಗ ಅದೇ ಅಯಾನುಗಳು ಜೆಟ್‌ನ ಹೊರಮೈಗೆ ದೂಡಿಸಿಕೊಳ್ಳುತ್ತವೆ. ಮೂರನೆಯದು ಆ ಮಬ್ಬು. ದ್ರಾವಣ ಮಬ್ಬಾಗಿದೆ ಎಂದರೆ ಔಷಧದ ಒಂದು ಪಾಲು ಕರಗಿಲ್ಲ, ಕಣವಾಗಿ ತೇಲುತ್ತಿದೆ. 500 ನ್ಯಾನೋಮೀಟರ್ ಎಳೆಯಲ್ಲಿ ಒಂದು ಮೈಕ್ರೋಮೀಟರ್ ಕಣ ಎಲ್ಲಿ ಅಡಗುತ್ತದೆ? ಎಳೆಯ ಪಕ್ಕಕ್ಕೆ ಅಂಟಿಕೊಂಡು ನಿಲ್ಲುತ್ತದೆ.

ಹದ ಬದಲಿಸುವ ಮುಂಚೆ ಇದನ್ನು ಖಚಿತಪಡಿಸಿಕೊಳ್ಳಿ. ಬಿಲ್ಲೆಯನ್ನು 5 ಮಿಲಿ ಪಿಬಿಎಸ್‌ನಲ್ಲಿ 30 ಸೆಕೆಂಡು ಅಲ್ಲಾಡಿಸಿ ತೆಗೆಯಿರಿ, ಆ ನೀರಿನಲ್ಲಿ ಎಷ್ಟು ಬಂತು ಅಳೆಯಿರಿ. ಔಷಧ ಎಳೆಯಲ್ಲಿ ಸಮನಾಗಿ ಹರಡಿದ್ದರೆ ಹೊರಗಿನ 10 ನ್ಯಾನೋಮೀಟರ್ ಪದರದಲ್ಲಿ ಇರಬೇಕಾದ್ದು ಸುಮಾರು 8% ಮಾತ್ರ (240ನ್ನು 250ರಿಂದ ಭಾಗಿಸಿ ವರ್ಗ ಮಾಡಿ, 1ರಿಂದ ಕಳೆಯಿರಿ). 30 ಸೆಕೆಂಡಿನಲ್ಲಿ 30-40% ಬಂದರೆ ಮತ್ತೆ ಅನುಮಾನವೇ ಬೇಡ. ಪಿಸಿಎಲ್ ನೀರು ಹತ್ತದ ಹಾಳೆ ಆದ್ದರಿಂದ ಇಕ್ಕಳದಲ್ಲಿ ಹಿಡಿದು ಪೂರ್ತಿ ಮುಳುಗಿಸಿ, ತೇಲಲು ಬಿಟ್ಟರೆ ಈ ಪರೀಕ್ಷೆಯೇ ಸುಳ್ಳಾಗುತ್ತದೆ.

ಎಕ್ಸ್‌ಪಿಎಸ್ (ಮೇಲ್ಮೈಯಲ್ಲಿ ಯಾವ ಮೂಲವಸ್ತು ಎಷ್ಟಿದೆ ಎಂದು ಅಳೆಯುವ ಯಂತ್ರ) ಸಿಗುವಂತಿದ್ದರೆ ಇನ್ನೂ ಚೆನ್ನ. ಪಿಸಿಎಲ್‌ನಲ್ಲಿ ಸಾರಜನಕವೇ ಇಲ್ಲ, ವ್ಯಾಂಕೋಮೈಸಿನ್‌ನ ಒಂದೊಂದು ಅಣುವಿನಲ್ಲೂ 9 ಇವೆ. ಹಾಗಾಗಿ ಕಾಣುವ ಸಾರಜನಕವೆಲ್ಲ ಔಷಧದ್ದೇ. 10% ತುಂಬಿಕೆ ಸಮನಾಗಿ ಹರಡಿದ್ದರೆ ಸಾರಜನಕ 0.9 ಪರಮಾಣು ಶೇಕಡಾ ಸಿಗಬೇಕು. 3 ಸಿಕ್ಕರೆ ಮೇಲ್ಮೈಯಲ್ಲಿ ಮೂರು ಪಟ್ಟಿಗೂ ಮೀರಿ ದಟ್ಟವಾಗಿದೆ ಎಂದರ್ಥ.

ಮಬ್ಬಿಗೆ: 0.45 ಮೈಕ್ರೋಮೀಟರ್ ಪಿಟಿಎಫ್‌ಇ (ಟೆಫ್ಲಾನ್) ಫಿಲ್ಟರ್‌ನಲ್ಲಿ ದ್ರಾವಣ ಸೋಸಿ, ಸೋಸಿದ ಮೇಲೆ ಎಷ್ಟು ಔಷಧ ಉಳಿದಿದೆ ನೋಡಿ. 10% ದ್ರಾವಣ ಗಟ್ಟಿ, ಸೋಸಲು ಆಗುವುದಿಲ್ಲ. ಪಿಸಿಎಲ್ ಹಾಕದೆ ಬರೀ ಎಚ್‌ಎಫ್‌ಐಪಿಯಲ್ಲಿ ಅಷ್ಟೇ ಸಾಂದ್ರತೆಯ ಔಷಧ ಕಲಸಿ ಪರೀಕ್ಷಿಸಿ.


ಒಳತಿರುಳು:

ಮೇಲಿನ ಮಾತು ಸರಿ. ನೀರಿನಲ್ಲಿ ಕರಗುವ ಲವಣವನ್ನು ಸಾವಯವ ದ್ರಾವಕದಲ್ಲಿ ಬಲವಂತವಾಗಿ ಬೆರೆಸುವುದನ್ನು ಬಿಟ್ಟು, ಔಷಧವನ್ನು ಅದಕ್ಕೆ ಒಗ್ಗುವ ನೀರಿನಲ್ಲೇ ಇಟ್ಟು ಮೇಲೆ ಕವಚ ಹಾಕುವುದು ನೇರ ದಾರಿ. ಕೋಆಕ್ಸಿಯಲ್‌ಗೆ ಶುರು ಮಾಡಲು ಒಂದು ಹದ ಕೊಡುತ್ತೇನೆ.

ಹೊರಕವಚ: ಪಿಸಿಎಲ್ 80,000, ಕ್ಲೋರೋಫಾರ್ಮ್ ಮತ್ತು ಡಿಎಂಎಫ್ ದ್ರಾವಕಗಳ 7:3 ಮಿಶ್ರಣದಲ್ಲಿ ಮಿಲಿಗೆ 100 ಮಿ.ಗ್ರಾಂ. ಒಳತಿರುಳು: ಪಿಇಒ (ನೀರಿನಲ್ಲಿ ಕರಗುವ ಪಾಲಿಮರ್) 900,000 ಅಣುತೂಕದ್ದು, ನೀರಿನಲ್ಲಿ ಮಿಲಿಗೆ 30 ಮಿ.ಗ್ರಾಂ, ಅದರಲ್ಲಿ ವ್ಯಾಂಕೋಮೈಸಿನ್ ಮಿಲಿಗೆ 50 ಮಿ.ಗ್ರಾಂ. ಪಿಇಒ ಪುಡಿಯನ್ನು ಜೋರಾಗಿ ತಿರುಗಿಸಿ ಕರಗಿಸಬೇಡಿ, ಸರಪಳಿ ಹರಿಯುತ್ತದೆ. ನೀರಿಗೆ ಉದುರಿಸಿ ರಾತ್ರಿಯಿಡೀ ನಿಧಾನಕ್ಕೆ ತಿರುಗಲು ಬಿಡಿ. ಹೊರಸೂಜಿ 17 ಗೇಜ್, ಒಳಸೂಜಿ 23 ಗೇಜ್, ಒಳಸೂಜಿಯ ತುದಿ ಹೊರಸೂಜಿಗಿಂತ ಅರ್ಧ ಮಿ.ಮೀ. ಮುಂದಿರಲಿ. ಕವಚ ಗಂಟೆಗೆ 1 ಮಿಲಿ, ತಿರುಳು ಗಂಟೆಗೆ 0.2 ಮಿಲಿ. 15 ಕಿಲೋವೋಲ್ಟಿನಿಂದ ಆರಂಭಿಸಿ 18ರ ತನಕ, ದೂರ 15 ಸೆಂ.ಮೀ.

ತುಂಬಿಕೆ ಲೆಕ್ಕ: ಗಂಟೆಗೆ ಪಿಸಿಎಲ್ 100 ಮಿ.ಗ್ರಾಂ, ಪಿಇಒ 6, ಔಷಧ 10. ಒಟ್ಟು 116ರಲ್ಲಿ 10, ಅಂದರೆ 8.6%.

ಮೊದಲು ಕವಚದ ಪಂಪು ಮಾತ್ರ ಹಾಕಿ, ಕೋನ್ (ಸೂಜಿ ತುದಿಯಲ್ಲಿ ಶಂಕುವಿನಂತೆ ನಿಲ್ಲುವ ಹನಿ) ನೆಟ್ಟಗೆ ನಿಂತ ಮೇಲೆ ತಿರುಳಿನ ಪಂಪು. ನಿಲ್ಲಿಸುವಾಗ ತಿರುಳು ಮೊದಲು, ಕವಚ ಆಮೇಲೆ. ಇದು ತಲೆಕೆಳಗಾದರೆ ಹಾಳೆಯ ಮೇಲೆ ಔಷಧದ ಹನಿ ಬಿದ್ದು ಆ ಜಾಗದ ಬಿಲ್ಲೆಗಳೆಲ್ಲ ಹಾಳು. ಕವಚದ ದ್ರಾವಣ ಒಂಟಿಯಾಗಿಯೇ ಚೆನ್ನಾಗಿ ಎಳೆ ಬಿಡುವಂಥದ್ದಾಗಿರಬೇಕು. ತಿರುಳಿಗೆ ಆ ಶಕ್ತಿ ಇಲ್ಲದಿದ್ದರೂ ನಡೆಯುತ್ತದೆ.

ಎಲ್ಲಿ ಕೆಡುತ್ತದೆ: ಕವಚದ ದ್ರಾವಕ ನೀರಿನೊಂದಿಗೆ ಬೆರೆಯುವಂಥದ್ದಾದರೆ ಎರಡೂ ಸೇರುವ ಗೆರೆಯಲ್ಲಿ ಪಿಸಿಎಲ್ ಗರಣೆಗಟ್ಟಿ ಸೂಜಿ ಬಾಯಿ ಮುಚ್ಚುತ್ತದೆ. ಟಿಎಫ್‌ಇ ಎಂಬ ದ್ರಾವಕದಲ್ಲಿ ಇದು ಬಹಳ. ಡಿಎಂಎಫ್ ಪಾಲು ಹೆಚ್ಚಿಸಿದರೂ ಇದೇ ಪಾಡು, 30% ದಾಟಬೇಡಿ. ಇನ್ನು ಕ್ಲೋರೋಫಾರ್ಮ್ ತುಂಬಿದ ಸಿರಿಂಜಿನ ರಬ್ಬರ್ ಬಿರಡೆ ಉಬ್ಬಿಕೊಂಡು ಒಮ್ಮೆ ತಡೆದು, ಒಮ್ಮೆ ಜಾರಿ ಹರಿವು ಏರುಪೇರಾಗುತ್ತದೆ. ಕೋನ್ ಮಿಡಿಯುತ್ತಿರುವುದು ಕಂಡರೆ ಮೊದಲು ಸಿರಿಂಜು ನೋಡಿ. ಗಾಜಿನ ಸಿರಿಂಜು, ಪಿಟಿಎಫ್‌ಇ ಬಿರಡೆ, ಪಿಟಿಎಫ್‌ಇ ಕೊಳವೆ ಇವಿಷ್ಟು ಇರಲೇಬೇಕು.

ತಿರುಳು ನಿಜಕ್ಕೂ ಒಳಗಿದೆಯೇ ಎಂದು ಟಿಇಎಂನಲ್ಲಿ (ಒಳಭಾಗ ತೋರಿಸುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ನೋಡಬೇಕು, ಎಸ್‌ಇಎಂ ಹೊರಮೈ ಮಾತ್ರ ತೋರಿಸುತ್ತದೆ. ಎಳೆಗಳನ್ನು ಟಿಇಎಂ ಗ್ರಿಡ್ ಮೇಲೆಯೇ 5-10 ಸೆಕೆಂಡು ಹಿಡಿದುಕೊಳ್ಳಿ, ಹೆಚ್ಚಾದರೆ ಒಂದರ ಮೇಲೊಂದು ಬಿದ್ದು ಏನೂ ಕಾಣುವುದಿಲ್ಲ.

ದ್ರಾವಕ ಉಳಿಕೆಯನ್ನು ಮರೆಯಬೇಡಿ. ಐಸಿಎಚ್ (ಔಷಧಗಳ ಅಂತರರಾಷ್ಟ್ರೀಯ ಮಾರ್ಗಸೂಚಿ ಸಂಸ್ಥೆ) ಮಿತಿ ಕ್ಲೋರೋಫಾರ್ಮ್‌ಗೆ 60 ಪಿಪಿಎಂ, ಡಿಎಂಎಫ್‌ಗೆ 880 ಪಿಪಿಎಂ. ಡಿಎಂಎಫ್ ಕುದಿಯುವುದು 153 ಡಿಗ್ರಿಗೆ, ಪಿಸಿಎಲ್ ಕರಗುವುದು 60ಕ್ಕೆ. ಕಾಯಿಸಿ ಓಡಿಸುವ ದಾರಿ ಇಲ್ಲ. ಕೋಣೆಯ ಉಷ್ಣಾಂಶದಲ್ಲೇ 48-72 ಗಂಟೆ ನಿರ್ವಾತದಲ್ಲಿಟ್ಟು, ಹೆಡ್‌ಸ್ಪೇಸ್ ಜಿಸಿಯಲ್ಲಿ (ದ್ರಾವಕದ ಆವಿ ಅಳೆಯುವ ಯಂತ್ರ) ಅಳೆದ ಮೇಲೆಯೇ ಜೀವಕೋಶದ ಪರೀಕ್ಷೆಗೆ ಕೊಡಿ.


ಟೇಲರ್‌ಕೋನ್:

ಒಳತಿರುಳು ಅವರ ಹದ ಚೆನ್ನಾಗಿದೆ. ಒಂದು ವಿಷಯ ಮಾತ್ರ ಸೇರಿಸಲೇಬೇಕು, ಬಹಳ ಜನ ಇಲ್ಲೇ ಎಡವುತ್ತಾರೆ. ಪಿಸಿಎಲ್ ಕವಚ ಎಲ್ಲೂ ತೂತಿಲ್ಲದೆ ಪೂರ್ತಿ ಮುಚ್ಚಿದ್ದರೆ ವ್ಯಾಂಕೋಮೈಸಿನ್ ಹೊರಗೆ ಬರುವುದೇ ಇಲ್ಲ. ಈಗಷ್ಟೇ ಹೇಳಿದಂತೆ ಆ ಅಣು ಪಿಸಿಎಲ್ ಒಳಗೆ ಹೋಗಲೊಲ್ಲದು. ಹಾಗಿದ್ದೂ ಕೋಆಕ್ಸಿಯಲ್ ಹಾಳೆಯಿಂದ ಔಷಧ ಬರುತ್ತಿದೆ ಎಂದರೆ ಎರಡೇ ದಾರಿ: ಕವಚದ ದೋಷಗಳು, ಇಲ್ಲವೇ ಬಿಲ್ಲೆ ಕತ್ತರಿಸಿದಾಗ ಬಾಯಿಬಿಟ್ಟ ಎಳೆಯ ತುದಿಗಳು. ಆಗ ನೀವು ಅಳೆಯುತ್ತಿರುವುದು ವಿನ್ಯಾಸವನ್ನಲ್ಲ, ಕತ್ತರಿಯ ಕೆಲಸವನ್ನು.

ಗುರುತಿಸುವುದು ಸುಲಭ. ಅದೇ ಹಾಳೆಯಿಂದ 6 ಮಿ.ಮೀ. ಮತ್ತು 12 ಮಿ.ಮೀ. ಬಿಲ್ಲೆ ತೆಗೆಯಿರಿ. ಸಣ್ಣದರಲ್ಲಿ ವಿಸ್ತೀರ್ಣಕ್ಕೆ ಹೋಲಿಸಿದರೆ ಅಂಚು ಎರಡರಷ್ಟು. ಶೇಕಡಾವಾರು ಬಿಡುಗಡೆ ಎರಡರಲ್ಲೂ ಒಂದೇ ಆದರೆ ಅಂಚಿನ ಪಾತ್ರವಿಲ್ಲ. ಸಣ್ಣ ಬಿಲ್ಲೆ ಬೇಗ ಖಾಲಿಯಾದರೆ ಕತ್ತರಿಸಿದ ತುದಿಗಳಿಂದ ಸೋರುತ್ತಿದೆ.

ಬೇಕೆಂದೇ ದಾರಿ ಮಾಡಿಕೊಡಬೇಕಾದರೆ ಕವಚದ ದ್ರಾವಣಕ್ಕೆ ಪಿಇಜಿ 4,000 ಅಥವಾ 6,000 ಹಾಕಿ. ಪಿಸಿಎಲ್ ತೂಕದ 5, 10, 20% ಹೀಗೆ ಮೂರು ಹಾಳೆ ಮಾಡಿ. ಪಿಇಜಿ ನೀರಿಗೆ ಕರಗಿ ಹೋದ ಜಾಗವೇ ಔಷಧದ ದಾರಿ. ವೇಗವನ್ನು ಹೆಚ್ಚು ಕಡಿಮೆ ಮಾಡುವ ನಾಬ್ ಇದೊಂದೇ, ಬೇರೆಲ್ಲ ಅಳತೆಗಳನ್ನು ಹಾಗೇ ಇಟ್ಟು ಇದನ್ನು ಮಾತ್ರ ಬದಲಿಸುತ್ತ ಹೋಗಿ. ಹರಿವು, ಸಾಂದ್ರತೆ, ಪಿಇಜಿ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ಘಾತಾಂಕದ ಪ್ರಶ್ನೆಗೆ: ಆ ಸಮೀಕರಣ ಹೊಂದುವುದು ಮೊದಲ 60% ಬಿಡುಗಡೆಗೆ ಮಾತ್ರ. ಎಳೆ ಉರುಳೆಯಾಕಾರ ಆದ್ದರಿಂದ 0.45 ಬಂದರೆ ಶುದ್ಧ ಡಿಫ್ಯೂಷನ್, 0.89 ಬಂದರೆ ಪಾಲಿಮರ್ ಉಬ್ಬುವಿಕೆಯೇ ಯಜಮಾನ. 0.12ಕ್ಕೆ ಭೌತಿಕ ಅರ್ಥವಿಲ್ಲ. 6 ಗಂಟೆಗೇ 75% ದಾಟಿರುವ ನಿಮ್ಮ ದತ್ತದಲ್ಲಿ 60%ರ ಒಳಗೆ ಎಷ್ಟು ಬಿಂದುಗಳಿವೆ? ಒಂದೆರಡು ಇರಬಹುದು. ಅದನ್ನು ಗೆರೆಗೆ ಕೂರಿಸಲು ಬರುವುದಿಲ್ಲ. 5, 15, 30 ನಿಮಿಷ, 1, 2, 4 ಗಂಟೆಗೆ ಮಾದರಿ ತೆಗೆಯಿರಿ. ನನ್ನ ಅಭಿಪ್ರಾಯದಲ್ಲಿ ನಿಮ್ಮಂಥ ಹಾಳೆಗೆ ಆ ಸಮೀಕರಣವೇ ಬೇಡ. ಮೇಲ್ಮೈಯಲ್ಲಿರುವ ಪಾಲು ಎಷ್ಟು, ಅದು ಬಿಟ್ಟುಕೊಳ್ಳುವ ಕಾಲ ಎಷ್ಟು, ಎರಡೇ ಸಂಖ್ಯೆಗಳ ಘಾತೀಯ ಗೆರೆ ಹಾಕಿ. ಗೆರೆ 82%ರಲ್ಲಿ ಮಲಗುವುದಕ್ಕೆ ಕಾರಣವೂ ಅದರಲ್ಲೇ ಸಿಗುತ್ತದೆ.


ಅಗರ್‌ತಟ್ಟೆ:

ಎಲ್ಲರೂ ಎಷ್ಟು ಹೊರಬಂತು ಎಂದೇ ಮಾತಾಡುತ್ತಿದ್ದೀರಿ. ಬಂದದ್ದು ಜೀವಂತವಾಗಿದೆಯೇ ಅನ್ನುವುದು ಬೇರೆ ಪ್ರಶ್ನೆ, 4 ವಾರದ ಪರೀಕ್ಷೆಯಲ್ಲಿ ಅದೇ ಮುಖ್ಯ ಪ್ರಶ್ನೆ.

ವ್ಯಾಂಕೋಮೈಸಿನ್ 37 ಡಿಗ್ರಿಯ ಪಿಬಿಎಸ್‌ನಲ್ಲಿ ವಾರಗಟ್ಟಲೆ ಕೂತರೆ ನಿಧಾನಕ್ಕೆ ಸಿಡಿಪಿ-1 ಎಂಬ ರೂಪಕ್ಕೆ ತಿರುಗುತ್ತದೆ. ಅದಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿಯಿಲ್ಲ, ಆದರೆ 280 ನ್ಯಾನೋಮೀಟರ್‌ನಲ್ಲಿ ಬೆಳಕು ಹೀರುವುದು ಮಾತ್ರ ಹಾಗೇ ಉಳಿಯುತ್ತದೆ. ಯುವಿ ಪ್ರಕಾರ ಎಲ್ಲ ಸರಿಯಿದೆ, ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಿದೆ. ಆದ್ದರಿಂದ ಎಚ್‌ಪಿಎಲ್‌ಸಿ (ದ್ರಾವಣದಲ್ಲಿರುವ ಪದಾರ್ಥಗಳನ್ನು ಬೇರ್ಪಡಿಸಿ ಒಂದೊಂದನ್ನೂ ಶಿಖರವಾಗಿ ತೋರಿಸುವ ಯಂತ್ರ) ಬೇಕೇ ಬೇಕು, ಮತ್ತು ವಿಧಾನ ಸಿಡಿಪಿ-1 ಶಿಖರವನ್ನು ವ್ಯಾಂಕೋಮೈಸಿನ್ ಶಿಖರದಿಂದ ಬೇರ್ಪಡಿಸುತ್ತದೆ ಎಂದು ಮೊದಲು ತೋರಿಸಿಕೊಳ್ಳಿ. ಪರೀಕ್ಷೆಯ ಜೊತೆಗೇ ಅದೇ ಸಾಂದ್ರತೆಯ ಬರೀ ವ್ಯಾಂಕೋಮೈಸಿನ್ ದ್ರಾವಣವನ್ನೂ 37 ಡಿಗ್ರಿಯಲ್ಲಿ 4 ವಾರ ಇಡಿ. ಹಾಳೆಯ ತಪ್ಪು ಯಾವುದು, ಪಿಬಿಎಸ್‌ನ ತಪ್ಪು ಯಾವುದು ಎಂದು ಬೇರೆಯಾಗುವುದು ಆಗಲೇ.

ಯುವಿಗೆ ಇನ್ನೊಂದು ತೊಂದರೆ. ಮಿಲಿಗೆ 1 ಮೈಕ್ರೋಗ್ರಾಂ ವ್ಯಾಂಕೋಮೈಸಿನ್ 1 ಸೆಂ.ಮೀ. ಕ್ಯೂವೆಟ್‌ನಲ್ಲಿ ಕೊಡುವ ಅಬ್ಸಾರ್ಬೆನ್ಸ್ ಸುಮಾರು 0.004. ನಿಮ್ಮ 500 ಮೈಕ್ರೋಗ್ರಾಂ 28 ದಿನಕ್ಕೆ ಸಮನಾಗಿ ಹಂಚಿದರೆ ದಿನಕ್ಕೆ 18. ದಿನವೂ 5 ಮಿಲಿ ಪೂರ್ತಿ ಬದಲಿಸಿದರೆ ಮಿಲಿಗೆ 3.6, ಅಬ್ಸಾರ್ಬೆನ್ಸ್ 0.014. ಇದು ಗದ್ದಲದ ಅಂಚಿನಲ್ಲಿರುವ ಸಂಖ್ಯೆ. ಔಷಧವಿಲ್ಲದ ಖಾಲಿ ಹಾಳೆಯಿಂದ ಸೋರುವ ಪದಾರ್ಥವೇ ಅಷ್ಟು ತೋರಿಸಬಹುದು. ಪ್ರತಿ ಮಾದರಿಗೂ ಖಾಲಿ ಹಾಳೆಯ ಜೋಡಿ ನಡೆಸಿ, ಅದರ ಓದನ್ನು ಕಳೆಯಿರಿ. ಕೊನೆಯ ವಾರಗಳಲ್ಲಿ 5 ಮಿಲಿ ಬದಲು 1 ಮಿಲಿಗೆ ಇಳಿಸಿ.

1 ಮಿಲಿ ತೆಗೆದು 1 ಮಿಲಿ ಹೊಸದು ಹಾಕುತ್ತಿದ್ದರೆ ಹಿಂದೆ ತೆಗೆದ ಪ್ರತಿ ಮಾದರಿಯಲ್ಲಿದ್ದ ಔಷಧವನ್ನೂ ಕೂಡಿಸಬೇಕು. ಇದನ್ನು ಬಿಟ್ಟರೆ ಗೆರೆ ಮಧ್ಯದಲ್ಲಿ ಇಳಿದಂತೆ ಕಾಣುತ್ತದೆ. ಒಟ್ಟು ಬಿಡುಗಡೆ ಯಾವತ್ತೂ ಇಳಿಯಲು ಸಾಧ್ಯವಿಲ್ಲವಾದ್ದರಿಂದ ಇಳಿದರೆ ಒಂದೋ ಲೆಕ್ಕ ತಪ್ಪು, ಇಲ್ಲವೇ ಔಷಧ ಕೆಡುತ್ತಿದೆ.

ಸಿರಿಂಜ್ ಫಿಲ್ಟರ್ ಕೂಡ ಔಷಧ ಕುಡಿಯುತ್ತದೆ. ಗೊತ್ತಿರುವ ಸಾಂದ್ರತೆಯ ದ್ರಾವಣವನ್ನು ಸೋಸಿ ಮುಂಚೆ-ನಂತರ ಅಳೆದು ನೋಡಿ, ಮೊದಲ 1 ಮಿಲಿ ಚೆಲ್ಲಿ. ಅಷ್ಟು ಮಾದರಿ ಇಲ್ಲದಿದ್ದರೆ ಸೋಸುವ ಬದಲು ಸೆಂಟ್ರಿಫ್ಯೂಜ್ ಮಾಡಿ.

ಪಿಬಿಎಸ್‌ಗೆ ಬೂಷ್ಟು ಹಿಡಿಯದಿರಲು 0.02% ಸೋಡಿಯಂ ಅಝೈಡ್ ಹಾಕುವ ರೂಢಿ ಇದೆ. ಎಚ್‌ಪಿಎಲ್‌ಸಿ ಮಾದರಿಗೆ ಸರಿ. ಅದೇ ದ್ರಾವಣವನ್ನು ಬ್ಯಾಕ್ಟೀರಿಯಾ ಪರೀಕ್ಷೆಗೆ ಕೊಡಬೇಡಿ, ಅಝೈಡ್ ತಾನೇ ಬೆಳವಣಿಗೆ ತಡೆಯುತ್ತದೆ, ಔಷಧ ಕೆಲಸ ಮಾಡಿತೆಂದು ನೀವು ಬರೆದುಕೊಳ್ಳುತ್ತೀರಿ. ಎರಡಕ್ಕೂ ಬೇರೆ ಬೇರೆ ಸಾಲು ಬಿಲ್ಲೆ ಇಡಿ.

ಜೋನ್ ಆಫ್ ಇನ್‌ಹಿಬಿಷನ್ (ತಟ್ಟೆಯಲ್ಲಿ ಔಷಧದ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯ) ನಂಬಿ ಹೋಲಿಕೆ ಮಾಡಬೇಡಿ. ವ್ಯಾಂಕೋಮೈಸಿನ್ ದೊಡ್ಡ ಅಣು, ಅಗರ್‌ನಲ್ಲಿ ತೆವಳುತ್ತದೆ. ಸ್ಟ್ಯಾಫಿಲೋಕಾಕಸ್ ಆರಿಯಸ್ ಸೂಕ್ಷ್ಮವೋ ಅಲ್ಲವೋ ಎಂದು ತಿಳಿಯಲು ವ್ಯಾಂಕೋಮೈಸಿನ್ ಡಿಸ್ಕ್ ವಿಶ್ವಾಸಾರ್ಹವಲ್ಲ ಎಂದೇ ಮಾರ್ಗಸೂಚಿಗಳು ಅದನ್ನು ಕೈಬಿಟ್ಟು ಬ್ರಾತ್ ಎಂಐಸಿ (ದ್ರವದಲ್ಲಿ ಬೆಳವಣಿಗೆ ತಡೆಯುವ ಕನಿಷ್ಠ ಸಾಂದ್ರತೆ) ಕೇಳುತ್ತವೆ. ಹಾಳೆಯನ್ನು ತಟ್ಟೆಯ ಮೇಲಿಟ್ಟರೆ ಹಾಳೆ ಎಷ್ಟು ಚೆನ್ನಾಗಿ ಒದ್ದೆಯಾಯಿತು, ಅಂಚು ಎದ್ದಿದೆಯೋ ಇಲ್ಲವೋ ಅನ್ನುವುದೂ ಜೋನ್‌ನಲ್ಲಿ ಸೇರಿಕೊಳ್ಳುತ್ತದೆ. ಬದಲಿಗೆ 1, 3, 7, 14, 21, 28ನೇ ದಿನದ ಬಿಡುಗಡೆ ನೀರನ್ನೇ ತೆಗೆದು, ಎರಡೆರಡು ಪಟ್ಟು ತೆಳುಮಾಡುತ್ತ ಎಟಿಸಿಸಿ 29213 (ಸ್ಟ್ಯಾಫಿಲೋಕಾಕಸ್ ಆರಿಯಸ್‌ನ ಪ್ರಮಾಣಿತ ತಳಿ) ವಿರುದ್ಧ ಮೈಕ್ರೋಡೈಲ್ಯೂಷನ್ ಮಾಡಿ. ಎಷ್ಟನೇ ತೆಳುವಿನವರೆಗೆ ಬೆಳವಣಿಗೆ ತಡೆಯಿತು ಎನ್ನುವುದರಿಂದ ಸಕ್ರಿಯ ಔಷಧದ ಪ್ರಮಾಣ ಸಿಗುತ್ತದೆ, ಅದನ್ನು ಎಚ್‌ಪಿಎಲ್‌ಸಿ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಿ.

ಕೊನೆಯ 18% ಬಗ್ಗೆ ಊಹೆ ಬೇಡ. 28ನೇ ದಿನ ಬಿಲ್ಲೆ ತೆಗೆದು ಒಣಗಿಸಿ, 1 ಮಿಲಿ ಡೈಕ್ಲೋರೋಮೀಥೇನ್‌ನಲ್ಲಿ ಕರಗಿಸಿ, 2 ಮಿಲಿ ನೀರಿನಲ್ಲಿ ಮೂರು ಸಲ ಔಷಧವನ್ನು ಎಳೆದುಕೊಳ್ಳಿ. ಬಂದದ್ದು, ಉಳಿದದ್ದು ಸೇರಿ 95-105% ಆಗಬೇಕು. ಶುರುವಿನಲ್ಲೂ ಹೀಗೇ ಮಾಡಿ, ಹಾಳೆಯ ನಡುವಿನಿಂದ ಒಂದು, ಅಂಚಿನಿಂದ ಎರಡು ಬಿಲ್ಲೆ ತೆಗೆದು. ನಿಮ್ಮ 500 ಮೈಕ್ರೋಗ್ರಾಂ ತಕ್ಕಡಿ ಲೆಕ್ಕ. ಕರಗದ ಕಣಗಳು ಸಿರಿಂಜಿನ ತಳದಲ್ಲಿ ಕೂತಿದ್ದರೆ ನಿಜದಲ್ಲಿ 410 ಇರಬಹುದು, ಆಗ ನಿಮ್ಮ 82% ಎಂದರೆ 100%.


ಎಳೆಗಾರ:

ಎಲ್ಲರಿಗೂ ಧನ್ಯವಾದ. ಹೇಳಿದ ಪರೀಕ್ಷೆಗಳ ಫಲ: 30 ಸೆಕೆಂಡು ತೊಳೆದಾಗ 41%. ಎಕ್ಸ್‌ಪಿಎಸ್‌ನಲ್ಲಿ ಸಾರಜನಕ 3.4. ಹಾಳೆ ಕರಗಿಸಿ ಅಳೆದರೆ ಬಿಲ್ಲೆಗೆ 455 ಮೈಕ್ರೋಗ್ರಾಂ, ನಡುವಿಗೂ ಅಂಚಿಗೂ 12% ವ್ಯತ್ಯಾಸ. ಅಂದರೆ ಸಿಕ್ಕಿಬಿದ್ದದ್ದು 18% ಅಲ್ಲ, ಸುಮಾರು 10%.

ಕೋಆಕ್ಸಿಯಲ್ ಸೂಜಿ ಬರುವ ತನಕ ಎಮಲ್ಷನ್ (ಔಷಧದ ನೀರನ್ನು ಪಾಲಿಮರ್ ದ್ರಾವಣದಲ್ಲಿ ಸಣ್ಣ ಹನಿಗಳಾಗಿ ಬೆರೆಸುವುದು) ಪ್ರಯತ್ನಿಸಬಹುದೇ? ವ್ಯಾಂಕೋಮೈಸಿನ್ ಬದಲು ಸಿಪ್ರೋಫ್ಲಾಕ್ಸಾಸಿನ್ ಅಥವಾ ರಿಫಾಂಪಿಸಿನ್ ಹಾಕಿದರೆ ಬರ್ಸ್ಟ್ (ಶುರುವಿನಲ್ಲೇ ಒಮ್ಮೆಗೆ ಹೊರಬರುವುದು) ತಾನಾಗಿ ಕಡಿಮೆಯಾಗುತ್ತದೆಯೇ? ಪಿಸಿಎಲ್ ಸರಿಯಾದ ಆಯ್ಕೆಯೇ ಎಂದೂ ಈಗ ಅನುಮಾನ ಬರುತ್ತಿದೆ.


ಒಳತಿರುಳು:

ಎಮಲ್ಷನ್ ಆಗುತ್ತದೆ. ಪಿಸಿಎಲ್ 1 ಗ್ರಾಂ 10 ಮಿಲಿ ಕ್ಲೋರೋಫಾರ್ಮ್‌ನಲ್ಲಿ, ಸ್ಪ್ಯಾನ್ 80 (ಹನಿಗಳು ಒಂದಾಗದಂತೆ ತಡೆಯುವ ಪದಾರ್ಥ) ಪಾಲಿಮರ್ ತೂಕದ 1%. ವ್ಯಾಂಕೋಮೈಸಿನ್ 100 ಮಿ.ಗ್ರಾಂ ಅರ್ಧ ಮಿಲಿ ನೀರಿನಲ್ಲಿ. ನೀರನ್ನು ಹನಿಹನಿಯಾಗಿ ಬಿಡುತ್ತ, ಪಾತ್ರೆಯನ್ನು ಐಸ್ ಮೇಲಿಟ್ಟು, ಪ್ರೋಬ್ ಸೋನಿಕೇಟರ್‌ನಲ್ಲಿ 5 ಸೆಕೆಂಡು ಓಡಿಸಿ 5 ಸೆಕೆಂಡು ನಿಲ್ಲಿಸುತ್ತ ಒಟ್ಟು ಒಂದೆರಡು ನಿಮಿಷ. ಹಾಲಿನ ಬಣ್ಣ ಬರಬೇಕು. ಸಿರಿಂಜಿನಲ್ಲಿ ಕೂತಲ್ಲೇ ಬೇರ್ಪಡುತ್ತದೆಯೇ ಎಂದು ಒಂದು ಸಣ್ಣ ಸೀಸೆಯಲ್ಲಿ ಅಷ್ಟೇ ಹೊತ್ತು ಇಟ್ಟು ಪಕ್ಕದಲ್ಲೇ ನೋಡುತ್ತಿರಿ. ಮೇಲೆ ಕೆನೆಗಟ್ಟಿದರೆ ಹಾಳೆಯ ಮೊದಲರ್ಧಕ್ಕೂ ಕೊನೆಯರ್ಧಕ್ಕೂ ಔಷಧದ ಪ್ರಮಾಣ ಬೇರೆಯಾಗುತ್ತದೆ. ಜೆಟ್ ಹಿಗ್ಗುವಾಗ ನೀರಿನ ಹನಿಗಳು ಉದ್ದವಾಗಿ ಎಳೆದುಕೊಂಡು ನಡುವೆ ಸೇರುತ್ತವೆ. ತಿರುಳು ಎಲ್ಲ ಕಡೆ ಒಂದೇ ಗೆರೆಯಾಗಿ ಇರುವುದಿಲ್ಲ, ತುಂಡುತುಂಡಾಗಿರುತ್ತದೆ. ಅದು ಒಂದು ಲೆಕ್ಕದಲ್ಲಿ ಒಳ್ಳೆಯದೇ, ಒಂದು ತುದಿ ಕತ್ತರಿಸಿದರೆ ಇಡೀ ಎಳೆ ಖಾಲಿಯಾಗುವುದಿಲ್ಲ.

ಸಿಪ್ರೋಫ್ಲಾಕ್ಸಾಸಿನ್ ಪಿಎಚ್ 7.4ರಲ್ಲಿ ಮಿಲಿಗೆ ಸುಮಾರು 0.1 ಮಿ.ಗ್ರಾಂ ಮಾತ್ರ ಕರಗುತ್ತದೆ. 10 ಮಿ.ಗ್ರಾಂ ಹಾಳೆಯಲ್ಲಿ 1 ಮಿ.ಗ್ರಾಂ ಇದ್ದು 5 ಮಿಲಿಯಲ್ಲಿ ಮುಳುಗಿಸಿದರೆ ನೀರೇ ತುಂಬಿ ನಿಂತು ಬಿಡುಗಡೆ ನಿಲ್ಲುತ್ತದೆ. ನೋಡಿದರೆ ಹಾಳೆ ಬಹಳ ಚೆನ್ನಾಗಿ ಹಿಡಿದಿಟ್ಟಂತೆ ಕಾಣುತ್ತದೆ. ಸಿಂಕ್ ಕಂಡಿಷನ್‌ಗೆ (ನೀರು ಔಷಧದಿಂದ ತುಂಬಿ ನಿಲ್ಲದ ಸ್ಥಿತಿ) ಕನಿಷ್ಠ 30 ಮಿಲಿ ಬೇಕು. ಬೆಳಕಿನಿಂದಲೂ ಮರೆ ಮಾಡಬೇಕು.

ರಿಫಾಂಪಿಸಿನ್ ಪಿಸಿಎಲ್ ಜೊತೆ ಚೆನ್ನಾಗಿ ಹೊಂದುತ್ತದೆ, ಬರ್ಸ್ಟ್ ಕಡಿಮೆ. ಆದರೆ ಅದನ್ನು ಒಂಟಿಯಾಗಿ ಯಾವತ್ತೂ ಬಳಸಬೇಡಿ, ಬ್ಯಾಕ್ಟೀರಿಯಾ ಒಂದೇ ಮ್ಯುಟೇಷನ್‌ನಲ್ಲಿ ತಪ್ಪಿಸಿಕೊಳ್ಳುತ್ತದೆ. ಕವಚದಲ್ಲಿ ರಿಫಾಂಪಿಸಿನ್, ತಿರುಳಿನಲ್ಲಿ ವ್ಯಾಂಕೋಮೈಸಿನ್ ಎಂದು ಜೋಡಿಯಾಗಿ ಯೋಚಿಸಿ. ಜೆಂಟಾಮೈಸಿನ್ ಹಾಕಲು ಹೊರಡುವವರಿಗೆ ಒಂದು ಮಾತು, ಅದು ಯುವಿಯಲ್ಲಿ ಕಾಣುವುದಿಲ್ಲ, ಒಪಿಎ ಎಂಬ ರಾಸಾಯನಿಕದ ಜೊತೆ ಡೆರಿವೇಟೈಸ್ ಮಾಡಿಯೇ (ಕಾಣುವಂಥ ರೂಪಕ್ಕೆ ತಿರುಗಿಸಿಯೇ) ಅಳೆಯಬೇಕು.


ಮೂಳೆಗೂಡು:

ಪಿಸಿಎಲ್ ಬಗ್ಗೆ ಬಂದ ಅನುಮಾನ ಸರಿಯಾದದ್ದು. ಔಷಧ 4 ವಾರಕ್ಕೆ ಮುಗಿಯುತ್ತದೆ, ಹಾಳೆ 2 ವರ್ಷ ಅಲ್ಲೇ ಇರುತ್ತದೆ. ಸೋಂಕಿದ್ದ ಜಾಗದಲ್ಲಿ ಔಷಧವಿಲ್ಲದ, ಗ್ರಾಂಗೆ 7 ಚದರ ಮೀಟರ್ ಮೇಲ್ಮೈ ಇರುವ ಪ್ಲಾಸ್ಟಿಕ್ ಬಿಟ್ಟುಬರುವುದು ಬಯೋಫಿಲ್ಮ್‌ಗೆ (ಬ್ಯಾಕ್ಟೀರಿಯಾ ಅಂಟಿಕೊಂಡು ಕಟ್ಟುವ ಪದರ) ಮನೆ ಕಟ್ಟಿಕೊಟ್ಟಂತೆ. ತೆಗೆದು ಬಿಸಾಡುವ ಗಾಯದ ಪಟ್ಟಿಗೆ ಪಿಸಿಎಲ್ ಸರಿ. ಮೂಳೆಯ ಕುಳಿಗೆ ಪಿಎಲ್‌ಜಿಎ 50:50 ಎಂಬ ಪಾಲಿಮರ್ ನೋಡಿ, ಒಂದೆರಡು ತಿಂಗಳಲ್ಲಿ ಕರಗಿಹೋಗುತ್ತದೆ.

ಪಿಎಲ್‌ಜಿಎಗೂ ಅದರದೇ ಕಷ್ಟವಿದೆ. ಎಳೆಯುವಾಗ ಸರಪಳಿಗಳು ಉದ್ದಕ್ಕೆ ಜಗ್ಗಿ ಹೆಪ್ಪುಗಟ್ಟಿರುತ್ತವೆ. 37 ಡಿಗ್ರಿಯ ಪಿಬಿಎಸ್‌ಗೆ ಹಾಕಿದೊಡನೆ ನೀರು ಹೊಕ್ಕು ಗ್ಲಾಸ್ ಟ್ರಾನ್ಸಿಷನ್ (ಪಾಲಿಮರ್ ಮೆತ್ತಗಾಗುವ ಉಷ್ಣಾಂಶ) ಕೆಳಗಿಳಿಯುತ್ತದೆ, ಸರಪಳಿಗಳು ಸಡಿಲವಾಗಿ ಹಾಳೆ ಮುದುರುತ್ತದೆ. ಒಂದೇ ದಿನದಲ್ಲಿ ಬಿಲ್ಲೆ ಅರ್ಧಕ್ಕಿಂತ ಸಣ್ಣದಾಗಿ ದಪ್ಪ ಗುಂಡಿಯಂತಾಗಬಹುದು. ಸಂದುಗಳು ಮುಚ್ಚಿಕೊಂಡು ಬಿಡುಗಡೆಯೂ ನಿಧಾನವಾಗುತ್ತದೆ. ಅದನ್ನು ಹದದ ಗುಣ ಎಂದು ತಿಳಿಯಬೇಡಿ. ಪ್ರತಿ ಮಾದರಿ ತೆಗೆಯುವಾಗ ಬಿಲ್ಲೆಯ ವ್ಯಾಸವನ್ನೂ ಬರೆದಿಡಿ. 20-30% ಪಿಸಿಎಲ್ ಬೆರೆಸಿದರೆ ಮುದುರುವುದು ಬಹಳ ಮಟ್ಟಿಗೆ ತಗ್ಗುತ್ತದೆ.

ಇನ್ನೊಂದು ವಿಷಯವನ್ನು ವಿನ್ಯಾಸದ ಹಂತದಲ್ಲೇ ಯೋಚಿಸಬೇಕು. ಉದ್ದನೆಯ ಬಾಲ ಬೇಡ. ಸ್ಟ್ಯಾಫಿಲೋಕಾಕಸ್ ಆರಿಯಸ್‌ಗೆ ವ್ಯಾಂಕೋಮೈಸಿನ್ ಎಂಐಸಿ ಗಡಿ ಮಿಲಿಗೆ 2 ಮೈಕ್ರೋಗ್ರಾಂ. ಔಷಧದ ಅರ್ಧದಷ್ಟು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. 28ನೇ ದಿನ ಮಿಲಿಗೆ 10 ಇದ್ದು 32ನೇ ದಿನಕ್ಕೆ ಪೂರ್ತಿ ನಿಲ್ಲುವ ಹಾಳೆ ಒಳ್ಳೆಯದು. 90 ದಿನ ಮಿಲಿಗೆ 0.5 ಕೊಡುತ್ತಲೇ ಇರುವ ಹಾಳೆ ಕೊಲ್ಲದೆ ಬ್ಯಾಕ್ಟೀರಿಯಾಕ್ಕೆ ಅಭ್ಯಾಸ ಮಾಡಿಸುತ್ತದೆ, ಪ್ರತಿರೋಧ ಹುಟ್ಟುವುದು ಅಂಥ ಕಡೆಯೇ. ಬರ್ಸ್ಟ್ ಪೂರ್ತಿ ಹೋಗಬೇಕು ಅನ್ನುವ ಹಟವೂ ಬೇಡ. ಕೆರೆದು ತೆಗೆದ ದಿನ ಉಳಿದಿರುವ ಬ್ಯಾಕ್ಟೀರಿಯಾ ಮೇಲ್ಮೈಗೆ ಅಂಟುವ ಮುಂಚೆ ಜೋರಾದ ಪೆಟ್ಟು ಬೇಕೇ ಬೇಕು. ಮೊದಲ ದಿನ 20-25%, ಉಳಿದದ್ದು 4 ವಾರಕ್ಕೆ, ಅಲ್ಲಿಗೆ ನಿಲ್ಲಲಿ.

ಸ್ಟೆರಿಲೈಸ್ ಮಾಡುವ ಬಗೆ ಈಗಲೇ ನಿರ್ಧರಿಸಿ. ಆಟೋಕ್ಲೇವ್‌ನಲ್ಲಿ ಪಿಸಿಎಲ್ ಕರಗುತ್ತದೆ. ಎಥನಾಲ್‌ನಲ್ಲಿ ನೆನೆಸಿದರೆ ಹಾಳೆಗೆ ನೀರು ಹತ್ತತೊಡಗಿ ಮೇಲ್ಮೈಯ ಔಷಧ ತೊಳೆದುಹೋಗುತ್ತದೆ. ಗಾಮಾ ಕಿರಣ 25 ಕಿಲೋಗ್ರೇ ಪಿಎಲ್‌ಜಿಎ ಸರಪಳಿ ತುಂಡರಿಸಿ ಕರಗುವ ಕಾಲವನ್ನೇ ಬದಲಿಸುತ್ತದೆ. ಯಾವುದನ್ನು ಆರಿಸಿದರೂ ಬಿಡುಗಡೆ ಪರೀಕ್ಷೆಯನ್ನು ಸ್ಟೆರಿಲೈಸ್ ಆದ ಹಾಳೆಯ ಮೇಲೆಯೇ ಮಾಡಿ.

ಪಿಸಿಎಲ್ ಕೋಣೆಯ ಉಷ್ಣಾಂಶದಲ್ಲೂ ಮೆಲ್ಲಗೆ ಸ್ಫಟಿಕಗಟ್ಟುತ್ತ ಔಷಧವನ್ನು ಹೊರದೂಡುತ್ತಿರುತ್ತದೆ. ಇವತ್ತಿನ 41% ತೊಳೆತ ತಿಂಗಳ ನಂತರ 50 ಆಗಿದ್ದರೆ ಆಶ್ಚರ್ಯಪಡಬೇಡಿ. ಒಂದಷ್ಟು ಬಿಲ್ಲೆಗಳನ್ನು ಮೈನಸ್ 20 ಡಿಗ್ರಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ, ಇನ್ನಷ್ಟನ್ನು ಹೊರಗೆ ಇಟ್ಟು, 30ನೇ ದಿನ ಎರಡಕ್ಕೂ ಅದೇ 30 ಸೆಕೆಂಡಿನ ತೊಳೆತ ಮಾಡಿ. ಫ್ರೀಜರ್‌ನಿಂದ ತೆಗೆದ ಪೊಟ್ಟಣವನ್ನು ಕೋಣೆಯ ಉಷ್ಣಾಂಶಕ್ಕೆ ಬರುವವರೆಗೆ ಬಿಚ್ಚಬೇಡಿ, ತೇವ ಕೂತರೆ ಔಷಧ ಅಲ್ಲಿಯೇ ಮೇಲ್ಮೈಗೆ ಬಂದು ನಿಲ್ಲುತ್ತದೆ.